ಕುಡಿಯದವರ ಹೊಟ್ಟೆ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಒಂದು ಮಳೆಗಾಲ ಕಳೆಯುವುದರೊಳಗೆ ಅವರ ಕಾಲು ಬಾತುಕೊಂಡಿತು, ಆಮೇಲೆ ಹೊಟ್ಟೆ. ಡಾಕ್ಟರೊಬ್ಬರು ಒತ್ತಿ ನೋಡಿ, "ಲಿವರ್ ದೊಡ್ಡದಾಗಿದೆ. ಕುಡಿಯುವುದು ಬಿಡಬೇಕು" ಅಂದರು.

"ನಾನು ಮುಟ್ಟಿದವನೇ ಅಲ್ಲ" ಅಂದರು ಇವರು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಈಗಲೂ ಚುಚ್ಚುತ್ತದೆ.

ಅತ್ತಿಗೆ ನೇರವಾಗಿಯೇ ಕೇಳಿದಳು: "ಎಂತ ಮಾರಾಯ್ತಿ, ಹೋಟೆಲಿನ ಹಿಂದೆ ಕೂತು ಕುಡೀತಾರಂತೆ, ಹೌದಾ?" ಇಲ್ಲ ಅಂದೆ. ಆದರೂ ಇವರು ಸ್ನಾನಕ್ಕೆ ಹೋದಾಗ ಅಂಗಿ ಮೂಸುತ್ತಿದ್ದೆ. ಹೋಟೆಲಿನ ಅಕ್ಕಿ ಗೋಣಿಗಳ ಹಿಂದೆ ತಡಕಿದೆ. ಬಾಟಲಿ ಸಿಗಲಿಲ್ಲ, ಸಮಾಧಾನವೂ ಆಗಲಿಲ್ಲ. ಬೇರೆಲ್ಲೋ ಇಟ್ಟಿರಬೇಕು ಅಂದುಕೊಂಡೆ. ಒಲೆಯ ಮುಂದೆ ನಿಂತರೂ, ಕಂಕನಾಡಿ ಮಾರ್ಕೆಟಿಗೆ ಹೋದರೂ ಇದೇ ಯೋಚನೆ.

ಉಸಿರಾಟಕ್ಕೂ ಕಷ್ಟವಾದಾಗ ಇನ್ನೊಬ್ಬ ಡಾಕ್ಟರ ಬಳಿ ಹೋದೆವು. ಚಿಕ್ಕ ಪ್ರಾಯದವರು. ಅವರು ಹೊಟ್ಟೆಗಿಂತ ಮೊದಲು ಕುತ್ತಿಗೆ ನೋಡಿದರು. ನೆಟ್ಟಗೆ ಕೂರಿಸಿದರೂ ಅಲ್ಲಿನ ನರ ಉಬ್ಬಿಯೇ ಇತ್ತು.

"ಹಿಂದೆ ಟಿಬಿ ಆಗಿತ್ತಾ?"

ಇವರು ನನ್ನ ಕಡೆ ನೋಡದೆ, "ಬೊಂಬಾಯಿಯಲ್ಲಿ ಇದ್ದಾಗ. ಹದಿನೆಂಟು ವರ್ಷ ನನಗೆ" ಅಂದರು. ಅದು ನನಗೆ ಗೊತ್ತೇ ಇರಲಿಲ್ಲ.

"ಎದೆಯ ಸಿಟಿ ಸ್ಕ್ಯಾನ್ ಮಾಡಿಸುವ. ಯಂತ್ರ ಈಗ ಊರಿಗೇ ಬಂದಿದೆ."

ಇವರನ್ನು ಮಲಗಿಸಿ ದೊಡ್ಡ ಬಳೆಯಂಥ ಯಂತ್ರದೊಳಗೆ ಸರಿಸಿದರು. ನಾನು ಹೊರಗಿನ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ. ಕೊನೆಗೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಇದು ಹೃದಯ. ಸುತ್ತ ಬಿಳಿ ಗೆರೆ ಉಂಟಲ್ಲ ಅಮ್ಮ, ಅದು ಹೃದಯದ ಪೊರೆ. ತೆಳ್ಳಗಿರಬೇಕಾದದ್ದು ದಪ್ಪವಾಗಿ ಸುಣ್ಣಗಟ್ಟಿದೆ. ಹೃದಯಕ್ಕೆ ಹಿಗ್ಗಲಿಕ್ಕೆ ಜಾಗ ಇಲ್ಲ, ಅದಕ್ಕೇ ರಕ್ತ ಹಿಂದೆ ನಿಂತು ಲಿವರ್ ಊದ್ತದೆ, ಹೊಟ್ಟೆಯಲ್ಲಿ ನೀರು ನಿಲ್ತದೆ. ಟಿಬಿಯದ್ದೇ ಇರಬೇಕು. ಕುಡಿತಕ್ಕೂ ಇದಕ್ಕೂ ಸಂಬಂಧ ಇಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. "ನಾನು ನಿಮ್ಮ ಅಂಗಿ ಮೂಸಿ ನೋಡ್ತಿದ್ದೆ" ಅಂದೆ.

"ಗೊತ್ತುಂಟು. ನಾನೂ ಟಿಬಿ ವಿಷಯ ಮುಚ್ಚಿಟ್ಟವನೇ ಅಲ್ವಾ? ಹೇಳಿದ್ದರೆ ನಿನ್ನ ಅಪ್ಪ ನಿನ್ನನ್ನು ಕೊಡ್ತಿದ್ರಾ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಅಂತ ನೆನಪಿಲ್ಲ.

ಮದ್ರಾಸಿನಲ್ಲಿ ಎದೆ ತೆರೆದು ಪೊರೆ ಸುಲಿದು ತೆಗೆದರು. ಹೊಟ್ಟೆ ಮೆಲ್ಲಗೆ ಇಳಿಯಿತು. ಕೆಲವು ತಿಂಗಳ ಮೇಲೆ ಇವರು ಮತ್ತೆ ದೋಸೆಕಲ್ಲಿನ ಮುಂದೆ ನಿಂತರು. ಅತ್ತಿಗೆ ಬಂದು ಎರಡು ದೋಸೆ ತಿಂದು ಹೋದಳು. ಹಳೆಯ ಮಾತು ಎತ್ತಲಿಲ್ಲ.

ನನಗೆ ಮಾತ್ರ ನೆಮ್ಮದಿ ಬರಲಿಲ್ಲ. ಇವರು ಗುಡ್ಡ ಹತ್ತುವಾಗ ಹಿಂದೆಯೇ ನಡೆಯುತ್ತ ಉಸಿರಿಗೆ ಕಿವಿಗೊಡುತ್ತಿದ್ದೆ.

"ನೀನು ಮುಂದೆ ನಡಿ ಮಾರಾಯ್ತಿ" ಅನ್ನುತ್ತಿದ್ದರು.