ಒಂಟಿ ಸೀನು

ಶಕುನ, ಅಪಶಕುನ ಎಂದರೆ ನನಗೆ ಮೊದಲಿನಿಂದಲೂ ನಗು. ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಮಷಿನ್ ಶಾಪ್ ನಡೆಸುವವನು ನಾನು. ಅಳತೆಗೆ ಸಿಗದ ಯಾವುದನ್ನೂ ನಂಬಿದವನಲ್ಲ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನ ಹೆಂಡತಿ ಗಿರಿಜಾ ವಿಜಯಪುರದ ಕಡೆಯವಳು. ಮನೆಯಿಂದ ಹೊರಡುವಾಗ ಒಂಟಿ ಸೀನು ಕೇಳಿದರೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಕೂರಿಸಿ, ನೀರು ಕುಡಿಸಿಯೇ ಕಳಿಸುವವಳು. ತಮಾಷೆಯೆಂದರೆ ಸೀನುತ್ತಿದ್ದವಳೂ ಅವಳೇ. ನಮ್ಮ ಮನೆಯಿದ್ದ ಸದಾಶಿವ ಪೇಠದ ಧೂಳು ಅವಳಿಗೆ ಆಗಿಬರುತ್ತಿರಲಿಲ್ಲ. ಸೀನಿದ ಬೆನ್ನಿಗೇ "ಯಪ್ಪಾ ಶಿವನ" ಎನ್ನುವಳು. "ಇನ್ನೊಂದು ಸೀನಿಬಿಡು, ಜೋಡಿ ಆಗ್ತದ" ಎಂದು ನಾನು ಛೇಡಿಸುತ್ತಿದ್ದೆ.

ಆ ಸೋಮವಾರವೂ ಹಾಗೇ ಆಯಿತು. "ಎರಡು ನಿಮಿಷ ಕೂತು ಹೋಗ್ರಿ, ನೀರು ತರ್ತೀನಿ" ಎಂದಳು. "ನಿನ್ನ ಸೀನಿಗೆ ಭೋಸರಿ ಟ್ರಾಫಿಕ್ ನಿಲ್ಲಂಗಿಲ್ಲ" ಎಂದು ಸ್ಕೂಟರ್ ಹತ್ತಿದೆ. ಕಾರ್ಖಾನೆ ಮುಟ್ಟುವ ಮೊದಲೇ ನೆರೆಮನೆಯವರ ಫೋನ್ ಬಂತು. ಅಡುಗೆಮನೆಯಲ್ಲಿ ಬಿದ್ದಿದ್ದಳಂತೆ, ಪಕ್ಕದಲ್ಲಿ ನೀರಿನ ಲೋಟ. ಹೃದಯ ನಿಂತುಹೋಗಿತ್ತು. ಎರಡು ನಿಮಿಷ ಕೂತಿದ್ದರೆ ನಾನು ಅಲ್ಲೇ ಇರುತ್ತಿದ್ದೆ.

ಸಮುದ್ರವೇ ಇಲ್ಲದ ಸೀಮೆಯಲ್ಲಿ ಬೆಳೆದ ಅವಳಿಗೆ ಹಾಯಿದೋಣಿಯ ಹುಚ್ಚು. ವೇಲ್ಸ್ ಕರಾವಳಿಯಲ್ಲಿ ವಾರದ ಪಯಣಕ್ಕೆ ಇಬ್ಬರ ಜಾಗವನ್ನೂ ಕಾದಿರಿಸಿದ್ದೆವು. ಅಲ್ಲಿ ಪ್ರಯಾಣಿಕರೂ ಹಗ್ಗ ಎಳೆದು ಕೆಲಸ ಮಾಡಬೇಕು. ಮರುವರ್ಷ ನಾನೊಬ್ಬನೇ ಹೋದೆ. ಅವಳ ಆಸೆ ತೀರಿಸಲೆಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಇರಲಾಗುತ್ತಿರಲಿಲ್ಲ.

ದೋಣಿಯಲ್ಲಿ ಐದು ಜನ. ನಾಯಕಿ ಅರವತ್ತು ದಾಟಿದ ಗಟ್ಟಿಗಿತ್ತಿ. ನಾಲ್ಕನೆಯ ದಿನ ಬೆಳಿಗ್ಗೆ ದ್ವೀಪಕ್ಕೂ ದಡಕ್ಕೂ ನಡುವಿನ ಇಕ್ಕಟ್ಟಾದ ಜಲಸಂಧಿಯನ್ನು ದಾಟಬೇಕಿತ್ತು. ಅಲ್ಲಿ ನೀರು ಬಂಡೆಗಳ ಮೇಲೆ ಹುಚ್ಚುಹೊಳೆಯ ಹಾಗೆ ನುಗ್ಗುತ್ತದೆ. ಉಬ್ಬರ ಇಳಿತಗಳ ನಡುವೆ ಸ್ವಲ್ಪ ಹೊತ್ತು ಮಾತ್ರ ಸುಮ್ಮನಾಗುತ್ತದೆ. ಆ ಹೊತ್ತನ್ನು ಪುಸ್ತಕದ ಕೋಷ್ಟಕ ನೋಡಿ ಹೇಳುವ ಕೆಲಸ ನನ್ನದು. ಎಂಜಿನಿಯರ್ ಎಂದು ನಂಬಿ ಒಪ್ಪಿಸಿದ್ದರು. ಹನ್ನೊಂದು ಗಂಟೆ ಎಂದೆ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಐವರೂ ಮೇಲೆ ನಿಂತು ಲಂಗರು ಎತ್ತಲು ಅಣಿಯಾದೆವು. ಒಳ್ಳೆ ಬಿಸಿಲು. ಆಗ ಕೆಳಗಿನ ಕೋಣೆಯಿಂದ ಒಂದು ಸೀನು ಕೇಳಿಸಿತು. ಒಂದೇ. ಅದರ ಬೆನ್ನಿಗೆ, ಸಣ್ಣಗೆ, "ಯಪ್ಪಾ ಶಿವನ."

ನಾನು ಕೈಯಲ್ಲಿದ್ದ ಹಗ್ಗ ಬಿಟ್ಟು ಮೆಟ್ಟಿಲಿಳಿದು ಓಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವಳು ಸಿಕ್ಕೇ ಸಿಗುತ್ತಾಳೆಂದು ಓಡಿದೆ. ಕೋಣೆ ಖಾಲಿ. ಹಾಸಿಗೆಗಳ ಹಿಂದೆಲ್ಲ ಹುಡುಕಿದೆ, ಹೆಸರು ಹಿಡಿದು ಕರೆದೆ. ಮೇಲಿನಿಂದ ನಾಯಕಿ ಏನಾಯಿತೆಂದು ಕೂಗಿದಳು. "ಎರಡು ನಿಮಿಷ" ಎಂದೆ. ಕೂತೆ. ಜೀವಮಾನದಲ್ಲಿ ಮೊದಲ ಸಲ, ಯಾರೂ ಹೇಳದೆ, ಒಂದು ಲೋಟ ನೀರು ಕುಡಿದೆ.

ಎದುರಿಗೆ ಮೇಜಿನ ಮೇಲೆ ಕೋಷ್ಟಕ ತೆರೆದೇ ಇತ್ತು. ಪುಟದ ತಳದಲ್ಲಿ ಸಣ್ಣ ಅಕ್ಷರದ ಸಾಲು: ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಆ ದೇಶದಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಕೋಷ್ಟಕ ಮಾತ್ರ ಹಳೆಯ ಲೆಕ್ಕದಲ್ಲೇ ಇರುತ್ತದೆ. ವರ್ಷವಿಡೀ ಒಂದೇ ಗಡಿಯಾರ ನೋಡಿಕೊಂಡು ಬಂದ ನನಗೆ ಅದು ಹೊಳೆದಿರಲೇ ಇಲ್ಲ.

ತಪ್ಪು ಒಪ್ಪಿಕೊಂಡಾಗ ನಾಯಕಿಯ ಮುಖ ಬಿಳಚಿಕೊಂಡಿತು. ಮತ್ತೊಮ್ಮೆ ತಾಳೆ ನೋಡದಿದ್ದುದಕ್ಕೆ ತನ್ನನ್ನೇ ಬೈದುಕೊಂಡಳು. ದುರ್ಬೀನಿನಲ್ಲಿ ನೋಡಿದರೆ ಜಲಸಂಧಿಯ ತುಂಬ ಬಿಳಿ ನೊರೆ ಕುದಿಯುತ್ತಿತ್ತು. ಹನ್ನೆರಡಕ್ಕೆ ಅದೇ ನೀರು ಕೆರೆಯಂತೆ ಮಲಗಿತ್ತು, ದಾಟಿದೆವು. ಸೀನು ಕೇಳಿತೇ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಯಾರಿಗೂ ಕೇಳಿರಲಿಲ್ಲ.

ಮನಸ್ಸಿನ ಮೂಲೆಯಲ್ಲೆಲ್ಲೋ ಆ ಸಾಲು ಮೊದಲೇ ಕಂಡಿದ್ದಿರಬಹುದು, ಮನಸ್ಸೇ ಆಟ ಆಡಿರಬಹುದು ಎನ್ನುತ್ತಾನೆ ನನ್ನ ಡಾಕ್ಟರ್ ಗೆಳೆಯ. ಇರಬಹುದು. ನನಗೆ ಗೊತ್ತಿಲ್ಲ.

ಗೊತ್ತಿರುವುದು ಇಷ್ಟೇ. ಈಗಲೂ ದಿನಾ ಬೆಳಿಗ್ಗೆ ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ. ಹಿಂದಿನಿಂದ ಒಂದು ಸೀನು ಕೇಳಲಿ, ಅಪಶಕುನವಾದರೂ ಆಗಲಿ ಎಂದು ಕಾಯುತ್ತೇನೆ. ಎರಡು ನಿಮಿಷ ಕಾದು, ಬೀಗ ಹಾಕಿಕೊಂಡು ಹೊರಡುತ್ತೇನೆ.