ಸೀಸದ ಬಾಗಿಲ ಒಳಗೆ

ಕೊರೊನಾ ತಣ್ಣಗಾದ ಮರುವರ್ಷ. ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ನಾನು ಎಕ್ಸ್-ರೇ ತೆಗೆಯುವವಳು. ಒಂದು ಮಧ್ಯಾಹ್ನ ಹಮಾಲನೊಬ್ಬ ಹೆಂಡತಿಯನ್ನು ರಟ್ಟೆ ಹಿಡಿದು ದರದರ ಎಳೆದು ತಂದ. ಅವಳು ಶಾಂತವ್ವ, ಅಕ್ಕಿ ಗಿರಣಿಯಲ್ಲಿ ಕೂಲಿ. ತುಟಿ ಸೀಳಿತ್ತು, ಎಡಗೈ ಬಾತಿತ್ತು.

“ಪಾವಟಿಗಿ ಮ್ಯಾಲಿಂದ ಬಿದ್ದಾಳ್ರಿ” ಎಂದ. ಅವಳನ್ನು ಕೇಳಿದರೂ ಉತ್ತರ ಅವನದೇ.

ಎಕ್ಸ್-ರೇ ಕೋಣೆಯಲ್ಲಿ ರೋಗಿಯ ಜೊತೆಯವರು ನಿಲ್ಲುವಂತಿಲ್ಲ. ಗೊಣಗುತ್ತಾ ಹೊರಗೆ ಹೋದ. ತೆಗೆದ ಚಿತ್ರ ನೋಡಿದೆ. ಮೆಟ್ಟಿಲಿಂದ ಬಿದ್ದವರು ಕೈ ಊರುತ್ತಾರೆ, ಸಾಮಾನ್ಯವಾಗಿ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಇವಳಿಗೆ ಮುಂಗೈ ನಡುವೆ, ಕಿರುಬೆರಳ ಕಡೆಯ ಎಲುಬು ಮುರಿದಿತ್ತು. ತಲೆಗೆ ಬರುವ ಏಟಿಗೆ ಕೈ ಅಡ್ಡ ಹಿಡಿದರೆ ಹೀಗಾಗುತ್ತದೆ. ಪಕ್ಕದಲ್ಲೇ ಹಳೆಯ ಮುರಿತವೊಂದು ಕೂಡಿಕೊಂಡ ಗಂಟು.

ಬಾಗಿಲು ತೆರೆದು, “ಸರಿ ಬಂದಿಲ್ಲ, ಇನ್ನೊಮ್ಮೆ ತಗೀಬೇಕು” ಎಂದು ಅವನಿಗೆ ಸುಳ್ಳು ಹೇಳಿ ಚಿಲಕ ಹಾಕಿದೆ. ಯಂತ್ರ ಮುಟ್ಟಲಿಲ್ಲ.

“ಈ ಎಕ್ಸ್-ರೇ ಮೈಯಾಗ ಹೆಂಗ ಹಾಯತೈತ್ರಿ, ಅಕ್ಕಾರ?” ಶಾಂತವ್ವ ಕೇಳಿದಳು.

“ಮೈ, ಗ್ವಾಡಿ, ಕಲ್ಲು, ಎಲ್ಲಾ ಸಣ್ಣ ಸಣ್ಣ ಕಣದ್ದು. ಕಣದ ನಡುವ ಖಾಲಿ ಜಾಗಾನ ಭಾಳ. ಅದರಾಗ ನುಸುಳಿ ಹೋಗತೈತಿ. ಎಲುಬು ಒಂದೀಟು ತಡೀತೈತಿ. ಈ ಬಾಗಲದಾಗ ಸೀಸದ ತಗಡು ಐತಿ, ಅದನ್ನ ದಾಟಂಗಿಲ್ಲ.”

ಅವಳು ಬಾಗಿಲನ್ನೇ ನೋಡಿದಳು. “ಮಾತೂ ದಾಟಂಗಿಲ್ಲೇನ್ರಿ?”

“ಮೆಲ್ಲಕ ಆಡಿದ್ರ ದಾಟಂಗಿಲ್ಲ, ತಂಗಿ.”

ಆಗ ಹೇಳಿದಳು. ಬಡಿಗೆಯಿಂದ ಹೊಡೆದದ್ದು, ಹೋದ ವರ್ಷ ಅದೇ ಕೈ ಮುರಿದದ್ದು, ಬಾಯಿಬಿಟ್ಟರೆ ಮಗಳನ್ನು ಕಾಲುವೆಗೆ ಎಸೆಯುತ್ತೇನೆ ಅಂದದ್ದು. ಮಗಳನ್ನು ಹೇಗೋ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ, ತವರಿಗೆ ಸಾಗಿಸಿದ್ದಳು. ಇವತ್ತು ಮನೆಗೆ ಹೋದರೆ ತಾನು ಉಳಿಯುವುದಿಲ್ಲ ಎಂದಳು.

ಡಾಕ್ಟರಿಗೆ ಫೋನ್ ಮಾಡಿ ಇಡುವಷ್ಟರಲ್ಲಿ ಬಾಗಿಲಿಗೆ ಒದೆ ಬಿತ್ತು. ಇನ್ನೊಂದು ಒದೆಗೆ ಚಿಲಕ ಕಿತ್ತುಬಂತು. ಒಳನುಗ್ಗಿದವನು ಅವಳ ಮುರಿದ ಕೈಯನ್ನೇ ಹಿಡಿದು ಜಗ್ಗಿದ. ಅವಳ ಚೀತ್ಕಾರ ಇನ್ನೂ ನನ್ನ ಕಿವಿಯಲ್ಲಿದೆ. ಅಡ್ಡ ಹೋದ ನನ್ನನ್ನು ಮೇಜಿಗೆ ಅಪ್ಪಳಿಸಿದ. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಅಷ್ಟರಲ್ಲಿ ಡಾಕ್ಟರು, ವಾಚ್‌ಮನ್ ಓಡಿಬಂದು ಅವನನ್ನು ಗೋಡೆಗೆ ಒತ್ತಿ ಹಿಡಿದರು.

“ಹೆಂಗಾತವ್ವಾ ಇದು?” ಡಾಕ್ಟರು ಅವಳನ್ನು ಕೇಳಿದರು.

“ಬಿದ್ದಾಳ್ರಿ” ಎಂದು ಅವನೇ ಒದರಿದ.

ಶಾಂತವ್ವ ಈ ಸಲ ಮೆಲ್ಲಗೆ ಆಡಲಿಲ್ಲ. “ಇಂವ ಹೊಡದಾನ್ರಿ. ಹ್ವಾದ ವರ್ಷನೂ ಇಂವನ. ಪೊಲೀಸರನ್ನ ಕರೀರಿ, ನಾ ಮನಿಗೆ ಹೋಗಂಗಿಲ್ಲ.”

ಪೊಲೀಸರು ಬಂದು ಅವನನ್ನು ಹಿಡಿದೊಯ್ದರು. ಕೈಗೆ ಪಟ್ಟಿ ಹಾಕಿಸಿಕೊಂಡು ಅವಳು ಅಲ್ಲಿಂದ ಮಗಳ ಹತ್ತಿರ ಹೋದಳು.

ಕಲ್ಲಿನಲ್ಲೂ ಖಾಲಿ ಜಾಗ ಇರುತ್ತದೆಂದು ಓದಿ ಪಾಸಾದವಳು ನಾನು. ಶಾಂತವ್ವನ ಸಂಸಾರದಲ್ಲಿ ಅವಳಿಗೆ ಸಿಕ್ಕ ಖಾಲಿ ಜಾಗ ಆ ಕೋಣೆಯಷ್ಟೇ. ಈಗಲೂ ಹೆಣ್ಣುಮಕ್ಕಳ ಚಿತ್ರ ತೆಗೆದಾದ ಮೇಲೆ ಬಾಗಿಲನ್ನು ತಕ್ಷಣ ತೆರೆಯುವುದಿಲ್ಲ. ಚಿಲಕವನ್ನೂ ಗಟ್ಟಿಯದು ಹಾಕಿಸಿದ್ದೇನೆ.