ಜೇಬಿಗೆ ತಕ್ಕ ಪಿಸ್ತೂಲು

ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕುವ ಮುನ್ನ ಗಂಡನ ಪ್ಯಾಂಟಿನ ಜೇಬುಗಳನ್ನು ಶೋಧಿಸುವುದು ನಮ್ಮ ಮನೆಯಲ್ಲಿ ಶನಿವಾರ ಬೆಳಗಿನ ಕಾರ್ಯಕ್ರಮ. ಹಾಗೆ ಶೋಧಿಸಿದಾಗ ನನ್ನ ಜೇಬುಗಳಿಂದ ಹೊರಬೀಳುವ ಸಂಪತ್ತು ಇಷ್ಟೇ: ಮೈಸೂರಿನಿಂದ ಅಂಚೆಯಲ್ಲಿ ಬಂದ ಅಡಿಕೆಪುಡಿಯ ಪೊಟ್ಟಣ, ಮುದ್ದೆಯಾದ ಕಾಗದದ ಕರವಸ್ತ್ರ, ಯಾವ ಬೀಗಕ್ಕೂ ಹೊಂದದ ಒಂದು ಕೀಲಿಕೈ. ಆದರೆ ನನ್ನ ಬೂದುಬಣ್ಣದ ಉಣ್ಣೆಯ ಪ್ಯಾಂಟಿನ ಬಲಜೇಬಿನ ಅಸ್ತರಿನಲ್ಲಿ ಒಂದು ಕೆಂಪು ಕಲೆಯಿದೆ. ಟೆಲಿವಿಷನ್ನಿನಲ್ಲಿ ಪವಾಡಗಳನ್ನು ಮಾಡುವ ಯಾವ ಸೋಪಿನ ಪುಡಿಗೂ ಅದು ಜಗ್ಗಿಲ್ಲ. ಆ ಕಲೆಯ ಕಾರಣಪುರುಷ ನಾನೇ ಆದ್ದರಿಂದ ಅದರ ಸ್ಥಳಪುರಾಣ ಹೇಳುವ ಹಕ್ಕೂ ನನ್ನದೇ ಎಂದು ತಿಳಿದಿದ್ದೇನೆ.

ನಾವಿರುವುದು ಅಮೆರಿಕದಲ್ಲಿ, ಡೆಟ್ರಾಯಿಟಿನ ಹೊರವಲಯದ ಲಿವೋನಿಯಾದಲ್ಲಿ. ನಾನು ಕಾರಿನ ಬಾಗಿಲುಗಳ ಹಿಡಿಕೆಯನ್ನು ವಿನ್ಯಾಸ ಮಾಡುವ ಎಂಜಿನಿಯರು. ನನ್ನ ಹೆಂಡತಿ ವಿಮಲಾ ಡೆಟ್ರಾಯಿಟ್ ನಗರದೊಳಗಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಡಾಕ್ಟರು. ಅಂದರೆ ನಾನು ಹಿಡಿಕೆಗಳನ್ನು ಕಾಯುತ್ತೇನೆ, ಅವಳು ಪ್ರಾಣಗಳನ್ನು. ಡೆಟ್ರಾಯಿಟಿನ ಅರವತ್ತೇಳರ ಜನಾಂಗೀಯ ಗಲಭೆ ಮುಗಿದು ಕೆಲವು ವರ್ಷಗಳಾಗಿದ್ದರೂ ನಮ್ಮ ಸಬ್‌ಡಿವಿಷನ್ನಿನ ಸಜ್ಜನರಿಗೆ ಆ ನಗರ ಈಗಲೂ ಪಾತಾಳಲೋಕವೇ. ಅಲ್ಲಿಗೆ ಕಾಲಿಟ್ಟು ನೋಡಿದವರು ಅವರಲ್ಲಿ ಯಾರೂ ಇಲ್ಲದ ಕಾರಣ ಅವರ ವರ್ಣನೆಗಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಆ ವರ್ಣನೆಗಳನ್ನೆಲ್ಲ ನಾನು ಶ್ರದ್ಧೆಯಿಂದ ಕೇಳಿ, ನಂಬಿ, ಹೊಟ್ಟೆಯಲ್ಲಿ ತುಂಬಿಕೊಂಡು ಒಂದು ಭಾನುವಾರ ವಿಮಲಾಳ ಮುಂದೆ ನನ್ನ ರಾಜಾಜ್ಞೆಯನ್ನು ಹೊರಡಿಸಿದೆ: ಒಂದೋ ಅವಳು ಪರ್ಸಿನಲ್ಲಿ ಪುಟ್ಟದೊಂದು ಪಿಸ್ತೂಲು ಇಟ್ಟುಕೊಳ್ಳಬೇಕು, ಇಲ್ಲವೇ ಆ ಆಸ್ಪತ್ರೆಯನ್ನು ಬಿಡಬೇಕು.

"ಪರ್ಸಲ್ಲಿ ಜಾಗ ಇಲ್ಲ ರೀ, ಮೊಸರನ್ನದ ಡಬ್ಬಿ ಇದೆ" ಎಂದಳು.

ಆ ಕೆಲಸಕ್ಕಾಗಿ ಅವಳು ಪಟ್ಟ ಪಾಡು ನನಗೆ ಗೊತ್ತಿತ್ತು. ಇಲ್ಲಿನ ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿನಿಂದ ಬರೆದು, ಹಿಮದಲ್ಲಿ ಕಾರು ಓಡಿಸಲು ಕಲಿತು, ಸೀರೆ ಉಟ್ಟವಳು ಡಾಕ್ಟರೇ ಹೌದೆಂದು ಎಷ್ಟೋ ಮಂದಿಗೆ ನಂಬಿಸಿ ಗಳಿಸಿಕೊಂಡಿದ್ದ ಕೆಲಸ ಅದು. ಆದರೂ ಉದಾರಿಯಾದ ನಾನು ಅರ್ಧ ಇಳಿದೆ: ಪಿಸ್ತೂಲು ನನ್ನ ಜೇಬಿನಲ್ಲೇ ಇರಲಿ, ಅವಳು ಕಾರು ನಿಲ್ಲಿಸುವ ಜಾಗದಿಂದ ಆಸ್ಪತ್ರೆಯ ಬಾಗಿಲಿನವರೆಗೆ ನಾನೇ ಕಾವಲು ಹೋಗುತ್ತೇನೆ; ಹೊಸ ವರ್ಷ ಬರುವುದರೊಳಗೆ ನನಗೆ ಧೈರ್ಯ ಬರದಿದ್ದರೆ ಮಾತ್ರ ರಾಜೀನಾಮೆ. ನನ್ನ ಧೈರ್ಯದ ಬೆಳವಣಿಗೆಯ ಮೇಲೆ ಅವಳ ಉದ್ಯೋಗ ನಿಂತಿತು.

ಇನ್ನು ಉಳಿದದ್ದು ಯಾವ ಪಿಸ್ತೂಲು ಎಂಬ ಪ್ರಶ್ನೆ. ಒಂದು ಪ್ರೆಶರ್ ಕುಕ್ಕರ್ ಕೊಳ್ಳಲು ಆರು ತಿಂಗಳು ತೌಲನಿಕ ಅಧ್ಯಯನ ಮಾಡುವ ಜನ ನಾವು. ಆಯುಧದ ವಿಷಯದಲ್ಲಿ ಅವಸರ ಮಾಡುತ್ತೇವೆಯೇ? ಹುಬ್ಬಳ್ಳಿ ಕಡೆಯ ನನ್ನ ಸ್ನೇಹಿತ ಪಾಟೀಲ, ಅವನೂ ಎಂಜಿನಿಯರನೇ, ತನ್ನ ಮನೆಯ ಬೇಸ್‌ಮೆಂಟಿನಲ್ಲಿ ವಿದ್ವತ್‌ಗೋಷ್ಠಿಯನ್ನು ಏರ್ಪಡಿಸಿದ. ಅವನಲ್ಲಿ ಅಂಗೈಯಗಲದ ಒಂದು ಪಿಸ್ತೂಲಿತ್ತು, ನಡುಗಾತ್ರದ ಇನ್ನೊಂದಿತ್ತು, ಐದು ಗುಂಡು ಹಿಡಿಸುವ ಗಿಡ್ಡ ನಳಿಗೆಯ ರಿವಾಲ್ವರೂ ಇತ್ತು. ಮೂರನ್ನೂ ಚುರುಮುರಿಯ ತಟ್ಟೆಯ ಪಕ್ಕದಲ್ಲಿ ಸಾಲಾಗಿಟ್ಟು, ಲೆಕ್ಕ ಹಾಕುವ ಸ್ಲೈಡ್ ರೂಲಿನ ಅಂಚಿನಿಂದ ಅಳೆದೆವು. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆವು. ಒಂದೊಂದನ್ನಾಗಿ ಜೇಬಿಗೆ ಹಾಕಿಕೊಂಡು, ಕನ್ನಡಿಯ ಮುಂದೆ ವಧುಪರೀಕ್ಷೆಗೆ ಬಂದವರಂತೆ ಓಡಾಡಿದೆವು.

"ಸಣ್ಣದು ತಗೊಂಡ್ರ ಕಳ್ಳ ನಗತಾನ ರಾಯರ, ದೊಡ್ಡದು ತಗೊಂಡ್ರ ಪ್ಯಾಂಟ್ ಜಾರತೈತಿ" ಎಂದ ಪಾಟೀಲ.

ಅನುಭವದ ಮಾತು. ಅಂಗೈಯಗಲದ್ದು ಅಡಿಕೆಪುಡಿಯ ಪೊಟ್ಟಣದ ಪಕ್ಕದಲ್ಲಿ ಸುಖವಾಗಿ ಮಲಗುತ್ತಿತ್ತು. ಆದರೆ ಸಮಯಕ್ಕೆ ಕೈ ಹಾಕಿದರೆ ಎರಡರಲ್ಲಿ ಯಾವುದು ಬರುವುದೆಂದು ಹೇಳುವಂತಿರಲಿಲ್ಲ. ನಡುಗಾತ್ರದ್ದು ಚಪ್ಪಟೆಯಾಗಿ ಸೊಗಸಾಗಿದ್ದರೂ ಅದರ ಕೀಲುಗಳನ್ನು ಯಾವ ಕ್ರಮದಲ್ಲಿ ಒತ್ತಬೇಕೆಂದು ನೆನಪಿಡಲು ನಮ್ಮಂಥ ಎಂಜಿನಿಯರರಿಗೂ ಚೀಟಿ ಬೇಕಾಗಿತ್ತು. ರಿವಾಲ್ವರು ಸರಳ, ನಂಬುಗಸ್ತ. ಅದರ ಒಂದೇ ದೋಷವೆಂದರೆ ಉಬ್ಬಿದ ಹೊಟ್ಟೆ, ಅದು ನನ್ನ ಹೊಟ್ಟೆಯ ಜೊತೆ ಸ್ಥಳಕ್ಕಾಗಿ ಜಗಳಕ್ಕೆ ಬೀಳುತ್ತಿತ್ತು. ಋತುಮಾನದ ಪ್ರಶ್ನೆಯೂ ಬಂತು. ಬೇಸಿಗೆಯ ತೆಳು ಷರ್ಟಿನಡಿ ಏನನ್ನೂ ಮರೆಸುವಂತಿಲ್ಲ. ಚಳಿಗಾಲದಲ್ಲಿ ಫಿರಂಗಿಯನ್ನೇ ಮರೆಸಬಹುದು, ಆದರೆ ಕೈಗವಸು ಕಳಚಿ, ಕೋಟಿನ ಜಿಪ್ ಎಳೆದು, ಒಳಗಿನ ಸ್ವೆಟರು ಎತ್ತಿ, ಅದರ ಕೆಳಗಿನ ಇನ್ನೊಂದು ಸ್ವೆಟರನ್ನೂ ಎತ್ತುವವರೆಗೆ ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಕಾಯುವಷ್ಟು ಸೌಜನ್ಯ ಕಳ್ಳನಿಗೆ ಇರಬೇಕಾಗುತ್ತದೆ. ಗೋಷ್ಠಿ ಕೊನೆಗೆ ರಿವಾಲ್ವರಿಗೇ ಪಟ್ಟಾಭಿಷೇಕ ಮಾಡಿತು.

ಅಂಥದೇ ಒಂದನ್ನು ಅಂಗಡಿಯಿಂದ ಕೊಂಡು ತಂದೆ. ಮರೆಸಿ ಒಯ್ಯುವುದಕ್ಕೆ ಕೌಂಟಿಯವರ, ಅಂದರೆ ಜಿಲ್ಲಾಡಳಿತದವರ, ಲೈಸೆನ್ಸ್ ಬೇರೆ ಬೇಕು. ಅದಕ್ಕೆ ಅರ್ಜಿ ಹಾಕಿ, ಅದು ಕೈಸೇರುವ ತನಕ ಮನೆಯೊಳಗೇ ಅಭ್ಯಾಸ ನಡೆಸಿದೆ. ಗುಂಡು ತುಂಬದ ರಿವಾಲ್ವರನ್ನು ಜೇಬಿನಲ್ಲಿಟ್ಟುಕೊಂಡು ಅಡಿಗೆಮನೆಯಿಂದ ಹಾಲಿಗೂ ಹಾಲಿನಿಂದ ಅಡಿಗೆಮನೆಗೂ ಗಂಭೀರವಾಗಿ ಸಂಚರಿಸಿದೆ. ಈ ಆಯುಧದ ಪ್ರಾಣವಿರುವುದೇ ಗುಟ್ಟಿನಲ್ಲಿ, ಜೇಬಿನಲ್ಲಿರುವುದು ಪಕ್ಕದಲ್ಲಿ ನಿಂತವನಿಗೂ ತಿಳಿಯಕೂಡದು, ಎಂದು ವಿಮಲಾಳಿಗೆ ಪದೇ ಪದೇ ಉಪದೇಶ ಮಾಡಿದೆ.

ಅಷ್ಟರಲ್ಲಿ ನವರಾತ್ರಿ ಬಂತು. ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಆಯುಧಪೂಜೆಯ ದಿನ ಸ್ಲೈಡ್ ರೂಲು, ಸ್ಕ್ರೂಡ್ರೈವರು, ವಿಮಲಾಳ ಸ್ಟೆತಾಸ್ಕೋಪು, ಗ್ಯಾರೇಜಿನಲ್ಲಿ ನಿಂತ ಕಾರು, ಎಲ್ಲಕ್ಕೂ ಪೂಜೆ. ತಟ್ಟೆಯಲ್ಲಿ ಇವನ್ನೆಲ್ಲ ಜೋಡಿಸುತ್ತಿದ್ದಾಗ ವಿಮಲಾ ಕೇಳಿದಳು: "ಆಯುಧಪೂಜೆಲಿ ಸ್ಕ್ರೂಡ್ರೈವರ್ ಇಡ್ತೀರ, ಆಯುಧಾನೇ ಇಡಲ್ವಾ?"

ನನ್ನ ವಂಶದಲ್ಲಿ ಈಳಿಗೆಮಣೆಯನ್ನು ಬಿಟ್ಟರೆ ಆಯುಧವೆಂದು ಕರೆಯಬಹುದಾದ ವಸ್ತುವನ್ನು ಮನೆಗೆ ತಂದವನು ನಾನೇ ಮೊದಲಿಗ. ತಂದ ವರ್ಷವೇ ಅದನ್ನು ಕಪಾಟಿನಲ್ಲಿ ಬಚ್ಚಿಟ್ಟು ಸ್ಕ್ರೂಡ್ರೈವರಿಗೆ ಆರತಿ ಎತ್ತಿದರೆ ದೇವಿ ಏನೆಂದುಕೊಂಡಾಳು? ಖಾಲಿಯೆಂದು ಮತ್ತೊಮ್ಮೆ ಪರೀಕ್ಷಿಸಿ, ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಮಣೆಯ ಮೇಲಿಟ್ಟು, ಗಂಧ ಬಳಿದು, ಕುಂಕುಮ ಧಾರಾಳವಾಗಿ ಹಚ್ಚಿ, ಸೇವಂತಿಗೆ ಏರಿಸಿದೆ. ಸಂಜೆ ಅರಿಶಿನ ಕುಂಕುಮಕ್ಕೆ ಊರಿನ ಕನ್ನಡದ ಆಂಟಿಯರೆಲ್ಲ ಬರುವರೆಂಬುದು ಮರೆತೇ ಹೋಗಿತ್ತು. ಚನ್ನಪಟ್ಟಣದ ಗೊಂಬೆಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ರಿವಾಲ್ವರಿಗೆ ಕೈಮುಗಿದು, ಕೋಸಂಬರಿ ತಿಂದು, ನನ್ನನ್ನು ಹೊಸ ಗೌರವದಿಂದ ದಿಟ್ಟಿಸಿ ಹೋದರು. ಮರುದಿನ ವಿಜಯದಶಮಿಯ ಶುಭಾಶಯ ಹೇಳಲು ಷಿಕಾಗೋ ಪಕ್ಕದ ಲೊಂಬಾರ್ಡಿನಿಂದ ಫೋನು ಮಾಡಿದ ದೂರದ ನಂಟರೊಬ್ಬರು, ಶುಭಾಶಯ ಹೇಳುವ ಮೊದಲು, ನಳಿಗೆ ಎಷ್ಟು ಇಂಚಿನದೆಂದು ವಿಚಾರಿಸಿದರು. ಮುನ್ನೂರು ಮೈಲಿಯ ಆಚೆಗೂ ಗೊತ್ತಾದ ಗುಪ್ತಾಯುಧ ನನ್ನದು.

ಪೂಜೆ ಮುಗಿದ ಮೇಲೆ ಅದನ್ನು ಹಾಗೆಯೇ ಜೇಬಿಗೆ ಹಾಕಿಕೊಂಡೆನಲ್ಲ, ಕಲೆ ಆಗ ಆದದ್ದು. ಗಂಧ ಒಣಗಿ ರಿವಾಲ್ವರಿನ ಗುಂಡು ತುಂಬುವ ಉರುಳೆ ತಿರುಗದೆ ಬಿಗಿದುಕೊಂಡಿತು. ಡಬ್ಬದಲ್ಲಿಟ್ಟು ಅಂಗಡಿಗೆ ಒಯ್ದಾಗ ಅಂಗಡಿಯವನು ಕೆಂಪನ್ನು ನೋಡಿದ, ನನ್ನನ್ನು ನೋಡಿದ, ಫೋನಿನ ಕಡೆಗೂ ಒಮ್ಮೆ ನೋಡಿದ. ರಕ್ತವಲ್ಲ ಮಹಾರಾಯ, ನಾವು ಇದನ್ನು ಪೂಜೆ ಮಾಡುತ್ತೇವೆ ಎಂದು ಇಂಗ್ಲಿಷಿನಲ್ಲಿ ತೊದಲಿದೆ. ಅವನ ಮುಖ ಅರಳಿತು. ಪೂಜೆ ಮಾಡುವವರು ಈ ಕೌಂಟಿಯಲ್ಲಿ ಬೇಕಾದಷ್ಟಿದ್ದಾರೆ, ಬಣ್ಣ ಹಚ್ಚುವವರನ್ನು ಮಾತ್ರ ಈಗಲೇ ನೋಡಿದ್ದು ಎಂದ.

ಈ ಮಾತನ್ನು ನಗುತ್ತಾ ವಿಮಲಾಳಿಗೆ ಹೇಳಿದೆ. ಆಗಷ್ಟೇ ಆಸ್ಪತ್ರೆಯಿಂದ ಬಂದವಳು ಸಾರಿಗೆ ಇಟ್ಟಿದ್ದಳು. ಅವಳು ನಗಲಿಲ್ಲ.

"ಇವತ್ತು ಬಂದೋನಿಗೆ ನಿಮ್ಮದೇ ವಯಸ್ಸು. ಜೇಬಲ್ಲಿ ಇಟ್ಕೊಂಡು ಕಾರಿಂದ ಇಳೀತಾ ತನ್ನ ತೊಡೆಗೆ ತಾನೇ ಹೊಡ್ಕೊಂಡಿದ್ದ. ಹೆಂಡ್ತೀನ ಕಾಯೋಕೆ ಅಂತ ತಗೊಂಡಿದ್ದಂತೆ. ಅವಳು ಹೊರಗೆ ಬೆಂಚ್ ಮೇಲೆ ಕೂತು ಅಳ್ತಿದ್ಲು."

ಪಿಸ್ತೂಲು ಯಾವ ಬಗೆಯದು ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಗೋಷ್ಠಿಯ ಅಭ್ಯಾಸ.

"ಪಾಟೀಲ್ ಅವರ ಸಣ್ಣದು ಇದೆಯಲ್ಲ, ಅಂಥದ್ದು. ಅದರ ಗುಂಡು ಒಳಗೇ ಉಳ್ಕೊಳತ್ತೆ, ಎಕ್ಸ್‌ರೇ ತೆಗೆದು ಹುಡುಕ್ಬೇಕು. ನಿಮ್ಮದಾದ್ರೆ ಎಷ್ಟೋ ಸಲ ಆಚೆ ಕಡೆಯಿಂದ ಹೋಗಿರತ್ತೆ, ಎರಡು ಕಡೆ ಹೊಲೀಬೇಕು. ನಮಗೆ ಅಷ್ಟೇ ವ್ಯತ್ಯಾಸ."

ಸ್ಲೈಡ್ ರೂಲು, ತಕ್ಕಡಿ, ಕನ್ನಡಿ ಹಿಡಿದು ನಾವು ಮಾಡಿದ ಮಹಾತುಲನೆ ಹಿಡಿಕೆಯ ತುದಿಯಲ್ಲೇ ಮುಗಿದಿತ್ತು. ಇನ್ನೊಂದು ತುದಿಯಲ್ಲಿ ನಿಂತು ಎಲ್ಲವನ್ನೂ ತೂಗಿ ನೋಡಿದವಳು ನನ್ನ ಮನೆಯಲ್ಲೇ ಇದ್ದಳು, ಅವಳನ್ನು ಗೋಷ್ಠಿಗೆ ಕರೆಯಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು.

"ನಾನು ಕೆಲಸ ಬಿಡಲ್ಲ" ಎಂದಳು. "ನಿಮಗೆ ಭಯ ಆದ್ರೆ ಭಯ ಅಂತ ಹೇಳಿ. ಅದಕ್ಕೆ ಯಾರ ಲೈಸೆನ್ಸೂ ಬೇಡ."

"ಭಯ ಆಗುತ್ತೆ, ವಿಮಲಾ" ಎಂದೆ.

"ನನಗೂ ಆಗತ್ತೆ" ಎಂದು ಸಾರಿಗೆ ಒಗ್ಗರಣೆ ಹಾಕಿದಳು.

ರಿವಾಲ್ವರು ಬಂದ ಅಂಗಡಿಗೇ ಹಿಂದಿರುಗಿತು, ಅರ್ಜಿಯನ್ನು ವಾಪಸು ಪಡೆದೆ. ಹೊಸ ವರ್ಷ ಬಂತು, ಹೋಯಿತು. ನನ್ನ ಧೈರ್ಯ ಬೆಳೆಯಲಿಲ್ಲ, ಅವಳ ಕೆಲಸ ಹೋಗಲಿಲ್ಲ. ಬದಲಿಗೆ ನಮ್ಮ ಜನಕ್ಕೆ ಮಾತ್ರ ಹೊಳೆಯಬಹುದಾದ ಒಂದು ಏರ್ಪಾಡಾಯಿತು. ಆಸ್ಪತ್ರೆಯ ಒಳಗೆ ಕಾಲಿಟ್ಟೊಡನೆ ಅವಳು ನನ್ನ ಆಫೀಸಿಗೆ ಫೋನು ಹಚ್ಚಿ, ಕ್ಷೇಮವಾಗಿ ತಲಪಿದ ಗುರುತಿಗೆ ಎರಡು ಸಲ ಗಂಟೆ ಬಡಿಸಿ, ಇಟ್ಟುಬಿಡುತ್ತಾಳೆ. ನಾನು ಎತ್ತುವುದಿಲ್ಲ, ಎತ್ತಿದರೆ ಕರೆಯ ದುಡ್ಡು ದಂಡ. ನನ್ನ ಫೋನಿಗೆ ಏನೋ ರೋಗವಿದೆಯೆಂದು ಪಕ್ಕದ ಮೇಜಿನ ಅಮೆರಿಕನ್ ಎರಡು ಸಲ ದೂರು ಕೊಟ್ಟಿದ್ದಾನೆ.

ಇವತ್ತು ಮುಂಜಾನೆ ಆ ಬೂದು ಪ್ಯಾಂಟನ್ನೇ ಹಾಕಿಕೊಂಡು ಆಫೀಸಿಗೆ ಬಂದಿದ್ದೆ. ಹೊರಗೆ ಹಿಮ ಸುರಿಯುತ್ತಿತ್ತು, ಅವಳು ತಲಪುವ ಹೊತ್ತು ಮೀರಿತ್ತು. ಮೇಜಿನ ಮೇಲೆ ಹಿಡಿಕೆಯ ನಕ್ಷೆ ಹರಡಿಕೊಂಡು, ಬಲಗೈಯನ್ನು ಜೇಬಿನಲ್ಲಿಟ್ಟು ಕೂತೆ. ಅಲ್ಲಿದ್ದದ್ದು ಅಡಿಕೆಪುಡಿಯ ಪೊಟ್ಟಣ, ಬೇವಾರಸಿ ಕೀಲಿಕೈ, ಅಸ್ತರಿನ ಕಲೆ. ಮೂರನ್ನೂ ಬೆರಳಿನಿಂದ ಸವರುತ್ತಾ ಕಾದೆ. ಫೋನು ಎರಡು ಸಲ ಬಡಿದು ನಿಂತಿತು. ಆಮೇಲೆ ಕೈ ಹೊರಗೆ ತೆಗೆದೆ.